ಹಲ್ಲು ಉಳಿಸಲು ಹೊರಟ ರೊವೀನಾ

ರೊವೀನಾ ಟಿಪ್ಟನ್ ನಗುವಾಗ ಬಲಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಬಕ್ನರ್ ಕೊಳ್ಳದ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಪಕ್ಕಪಕ್ಕ ನಿಂತು ದುಡಿದವರು. ಬೆಳಗ್ಗೆ ಬನ್ನಿಗೆ ಹಿಟ್ಟು ನಾದುವಾಗ ನಾನೇನಾದರೂ ತಮಾಷೆ ಮಾಡಿದರೆ ಹಿಟ್ಟಿನ ಕೈಯೇ ಬಾಯಿಗೆ ಹೋಗುತ್ತಿತ್ತು. ಮೂಗಿನ ತುದಿಗೆ, ಗಲ್ಲಕ್ಕೆ ಎಲ್ಲ ಹಿಟ್ಟು. ಮೊದಮೊದಲು ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಅವಳೇ ಹೇಳಿದಳು.

ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಊರಾಚೆಯ ಜಾತ್ರೆ ಮೈದಾನದಲ್ಲಿ ಹಲ್ಲಿನ ಉಚಿತ ಶಿಬಿರ ನಡೆದಿತ್ತು. ನಗರದಿಂದ ಡಾಕ್ಟರುಗಳು ಬಂದಿದ್ದರು. ಜನರ ಸಾಲು ಮೈದಾನದ ದನದ ಕೊಟ್ಟಿಗೆಯವರೆಗೂ ಹೋಗಿತ್ತಂತೆ. ಮೇಲಿನ ಸಾಲಿನಲ್ಲಿ ಉಳಿದಿದ್ದ ಹನ್ನೊಂದು ಹಲ್ಲನ್ನೂ ಒಂದೇ ಸಲಕ್ಕೆ ಕಿತ್ತರು. ಡಾಕ್ಟರು ಒಳ್ಳೆಯವನೇ. "ಇದರಲ್ಲಿ ಆರೇಳು ಉಳಿಸಬಹುದಿತ್ತಮ್ಮ, ಆದ್ರೆ ಅದಕ್ಕೆ ನಾಲ್ಕು ಸಲ ಬರಬೇಕು. ನಾವು ನಾಳೆ ಹೊರಟ್ಹೋಗ್ತೀವಿ," ಎಂದನಂತೆ. ಆಮೇಲೆ ಕಟ್ಟಿಸಿದ ಹಲ್ಲುಸೆಟ್ಟು ಸ್ವಲ್ಪ ಸಡಿಲ. ಮಾತಿನ ನಡುವೆ ಟಕ್ ಎನ್ನುತ್ತಿತ್ತು. ಕೈ ಅಡ್ಡ ಬರುತ್ತಿದ್ದುದು ಅದಕ್ಕೆ.

ನಾನು ಗ್ಲೆಂಡಾ. ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಅವಳು ಮಾಡಿದ್ದನ್ನು ಹತ್ತಿರದಿಂದ ಕಂಡವಳು ನಾನೇ ಆದ್ದರಿಂದ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಎಲ್ಲ ಶುರುವಾದದ್ದು ಒಂದು ಸೆಪ್ಟೆಂಬರಿನಲ್ಲಿ. ಆ ವರ್ಷ ಮಕ್ಕಳ ಊಟಕ್ಕೆ ಇಡೀ ಸೇಬು ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕೊಟ್ಟೆವು. ಅರ್ಧಕ್ಕಿಂತ ಹೆಚ್ಚು ಸೇಬು ಹಾಗೆಹಾಗೇ ತಟ್ಟೆಯಲ್ಲಿ ವಾಪಸ್ಸು ಬಂದವು. "ಚಿಪ್ಸ್ ತಿಂದು ನಾಲಿಗೆ ಕೆಟ್ಟಿರೋ ಮಕ್ಕಳು," ಎಂದು ಗೊಣಗಿಕೊಂಡು ನಾನು ಕಸದ ಡಬ್ಬಿಗೆ ಸುರಿಯುತ್ತಿದ್ದೆ. ರೊವೀನಾ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಒಂದು ಸೇಬು ಎತ್ತಿ ನಲ್ಲಿಯ ಬಳಿಯ ಬೆಳಕಿಗೆ ಹಿಡಿದಳು. ಅದರಲ್ಲಿ ಎರಡು ಸಣ್ಣ ಹಲ್ಲಿನ ಗುರುತು, ಗುರುತಿನ ಅಂಚಿನಲ್ಲಿ ತೆಳುವಾದ ರಕ್ತ.

"ಇದು ನಖರಾ ಅಲ್ಲ ಗ್ಲೆಂಡಾ. ನೋವು," ಎಂದಳು.

ಮರುದಿನದಿಂದ ಅವಳು ಅರ್ಧ ಗಂಟೆ ಮುಂಚೆ ಬಂದು ಸೇಬನ್ನೆಲ್ಲ ಹಪ್ಪಳದಷ್ಟು ತೆಳ್ಳಗೆ ಹೆಚ್ಚತೊಡಗಿದಳು. ತಟ್ಟೆಗಳು ಖಾಲಿಯಾದವು. ಆದರೂ ಒಂದನೇ ತರಗತಿಯ ಟ್ಯಾನ್ಸಿ ಎಂಬ ಹುಡುಗಿ ಮಾತ್ರ ಹೋಳನ್ನು ಕೆನ್ನೆಯೊಳಗೆ ಇಟ್ಟುಕೊಂಡು, ಅದು ಮೆತ್ತಗಾಗುವವರೆಗೆ ಕಾದು, ಆಮೇಲೆ ನುಂಗುತ್ತಿದ್ದಳು. ಆರು ವರ್ಷದ ಮಗು. ಹಿಂದಿನ ನಾಲ್ಕು ಹಲ್ಲು ಕಪ್ಪಗೆ ಬುಡದವರೆಗೆ ಕರಗಿದ್ದವು. ಹತ್ತಿರದ ಹಲ್ಲಿನ ಡಾಕ್ಟರು ಬೆಟ್ಟದ ಆಚೆ, ಐವತ್ತು ಮೈಲಿ. ಅಲ್ಲಿ ನಾಲ್ಕು ತಿಂಗಳು ಕಾದರೇನೇ ಸರದಿ ಸಿಗುವುದು.

ಅಕ್ಟೋಬರಿನಲ್ಲಿ ಹಲ್ಲು ನೋಡುವ ಗಾಡಿ ನಮ್ಮ ಶಾಲೆಗೆ ಬಂತು. ವರ್ಷಕ್ಕೊಂದೇ ಸಲ, ಎರಡೇ ದಿನ. ಅದರಲ್ಲಿ ಒಬ್ಬಳೇ ಹೆಂಗಸು. ಡಾಕ್ಟರಲ್ಲ, ಹಲ್ಲು ಶುಚಿ ಮಾಡಿ, ಮಕ್ಕಳ ದವಡೆ ಹಲ್ಲಿಗೆ ಹುಳುಕು ಹತ್ತದಂತೆ ಲೇಪ ಹಚ್ಚುವವಳು. ಊಟದ ಬಿಡುವಿನಲ್ಲಿ ರೊವೀನಾ ಅವಳಿಗೆ ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು ಕೊಂಡೊಯ್ದು ಕೊಟ್ಟು, ಗಾಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ವಾಪಸ್ಸು ಬಂದಾಗ ಮುಖ ಬೇರೆಯೇ ಆಗಿತ್ತು.

"ಗ್ಲೆಂಡಾ, ಆಕೆ ಕಲ್ತಿದ್ದು ಎಲ್ಲಿ ಗೊತ್ತಾ? ನದಿ ಆಚೆ ಇದ್ಯಲ್ಲ, ಆ ಕಮ್ಯುನಿಟಿ ಕಾಲೇಜಲ್ಲಿ."

"ಅದಕ್ಕೇನೀಗ?"

"ನಾನೂ ಕಲೀತೀನಿ."

"ನಿಂಗೆ ನಲವತ್ತೈದು ಕಣೆ."

"ಸುಮ್ನೆ ಕೂತ್ರೂ ನಲವತ್ತೆಂಟು ಆಗೇ ಆಗತ್ತಲ್ಲ. ಆಗೋದು ಆಗ್ಲಿ, ಕಲ್ತು ಆಗ್ಲಿ."

ಆಗಷ್ಟೇ ನಮ್ಮ ಟೆನೆಸಿ ರಾಜ್ಯದವರು ದೊಡ್ಡವರಿಗೂ ವಿದ್ಯಾರ್ಥಿವೇತನ ಕೊಡಲು ಶುರು ಮಾಡಿದ್ದರು. ಮೊದಲು ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಮಾತ್ರ ಇತ್ತು. ಈಗ ಡಿಗ್ರಿಯಿಲ್ಲದ ಯಾವ ವಯಸ್ಸಿನವರು ಹೋದರೂ ಕಮ್ಯುನಿಟಿ ಕಾಲೇಜಿನ, ಅಂದರೆ ಎರಡು ವರ್ಷದ ಕೋರ್ಸು ಕಲಿಸುವ ಸರ್ಕಾರಿ ಕಾಲೇಜಿನ, ಶುಲ್ಕ ರಾಜ್ಯದ್ದು. ರೊವೀನಾ ಒಂದು ಮಧ್ಯಾಹ್ನ ಅಡುಗೆಮನೆ ಒರೆಸಿ ಮುಗಿಸಿ, ನನ್ನನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೋದಳು. ವಿದ್ಯಾರ್ಥಿವೇತನದ ಮೇಜಿನಲ್ಲಿದ್ದವಳು ಮಿಸ್ ಕಟ್‌ಶಾ ಎಂಬ ದಪ್ಪ ಕನ್ನಡಕದ ಹೆಂಗಸು. ರೊವೀನಾ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡೇ ಕೇಳಿದಳು, "ಇದು... ಬಡವರಿಗೆ ಅಂತ ಕೊಡೋ ಧರ್ಮದ ದುಡ್ಡಾ, ಮ್ಯಾಮ್?"

ಮಿಸ್ ಕಟ್‌ಶಾ ಕನ್ನಡಕದ ಮೇಲಿನಿಂದ ನೋಡಿದಳು. "ನೀವು ಓಡಾಡೋ ರಸ್ತೆ ಧರ್ಮದ್ದಾ? ಇದೂ ಹಾಗೇ. ಆದ್ರೆ ರಸ್ತೆಗಿಂತ ಇದಕ್ಕೆ ನಿಯಮ ಜಾಸ್ತಿ, ಸರಿಯಾಗಿ ಕೇಳ್ಕೊಳ್ಳಿ. ಪ್ರತಿ ವರ್ಷ ಅರ್ಜಿ ತುಂಬ್ಬೇಕು. ಪ್ರತಿ ಅರ್ಧವರ್ಷದ ಅವಧೀಲೂ ಕಡಿಮೆ ಅಂದ್ರೆ ಆರು ಕ್ರೆಡಿಟ್, ಅಂದ್ರೆ ಎರಡು ಪಾಠನಾದ್ರೂ ತಗೋಬೇಕು. ನಡುವೆ ಒಂದು ಅವಧಿ ಸುಮ್ನೆ ಬಿಟ್ರಿ ಅನ್ನಿ, ದಾರ ಕಡಿದ್ಹೋಗತ್ತೆ."

"ಕಡಿಯೋಕೆ ಬಿಡಲ್ಲ," ಎಂದಳು ರೊವೀನಾ.

ಊರಿನಲ್ಲಿ ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವಳ ಸ್ವಂತ ಅಣ್ಣ ಹೋಬರ್ಟ್. ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು. ಐವತ್ತೈದು ದಾಟಿದವನು, ಗಡ್ಡದ ತುಂಬ ಹೊಗೆಸೊಪ್ಪಿನ ಕಲೆ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ನಮ್ಮಿಬ್ಬರನ್ನು ಕಂಡವನೇ ನಾಲ್ಕು ಜನರ ಮುಂದೆ ಕೂಗಿದ:

"ಬಂದ್ಲು ನೋಡ್ರಪ್ಪಾ ನಮ್ಮ ಕಾಲೇಜು ಕನ್ಯೆ! ಏನ್ ತಂಗಿ, ಸರ್ಕಾರದ ಬಿಟ್ಟಿ ದುಡ್ಡಲ್ಲಿ ಓದೋಕೆ ಹೊರಟ್ಯಂತೆ?"

ರೊವೀನಾ ಅವನ ಕೈಯಲ್ಲಿದ್ದ ಲಾಟರಿ ಚೀಟಿಯತ್ತ ಬೆರಳು ಮಾಡಿದಳು. "ಪ್ರತಿ ಶುಕ್ರವಾರ ಅದನ್ನ ತಗೊಳ್ತೀಯಲ್ಲ, ಎಷ್ಟು ವರ್ಷದಿಂದ?"

"ಇಪ್ಪತ್ತು ಆಯ್ತೇನೋ. ಅದ್ಯಾಕೆ?"

"ಯಾವತ್ತಾದ್ರೂ ಹೊಡೀತಾ?"

"ಒಂದ್ಸಲ ಹನ್ನೆರಡು ಡಾಲರ್ ಹೊಡ್ದಿತ್ತು."

"ರಾಜ್ಯದವರು ನಂಗೆ ಕೊಡೋ ಶುಲ್ಕ ಬರೋದು ಆ ಲಾಟರಿ ದುಡ್ಡಿಂದಾನೆ ಕಣೋ ಹೋಬರ್ಟ್. ನೀನು ಕಳ್ಕೊಂಡಿದ್ದು ಎಲ್ಲೂ ಹೋಗಿಲ್ಲ. ಕಡೆಗೂ ನಿನ್ನಿಂದ ಒಂದು ಒಳ್ಳೇ ಕೆಲ್ಸ ಆಗ್ತಿದೆ, ಸಂತೋಷಪಡು."

ಅಂಗಡಿಯವನು ಗಲ್ಲಾ ಪೆಟ್ಟಿಗೆಗೆ ತಲೆಯಿಟ್ಟು ನಕ್ಕ. ಹೋಬರ್ಟ್ ಗಡ್ಡ ಕೆರೆದುಕೊಂಡು, "ಹಂಗಾದ್ರೆ ನಿನ್ನ ಓದಲ್ಲಿ ಅರ್ಧ ನಂದು," ಎಂದ. ಅಂದಿನಿಂದ ಅವನು ಅವಳನ್ನು ಕಂಡಾಗಲೆಲ್ಲ "ನನ್ನ ಅರ್ಧ ಎಲ್ಲಿಗೆ ಬಂತು?" ಎಂದು ಕೇಳುವುದು ರೂಢಿಯಾಯಿತು.

ದಂತ ಶುಚಿತ್ವದ ಕೋರ್ಸಿಗೆ ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಮೊದಲು ಅಂಗರಚನೆ, ರಸಾಯನಶಾಸ್ತ್ರ, ಗಣಿತ ಎಲ್ಲ ಪಾಸಾಗಬೇಕು. ಆಮೇಲೆ ಅರ್ಜಿ. ಇರುವುದು ಹದಿನಾಲ್ಕು ಜಾಗ. ಮುಂದಿನ ಒಂದೂವರೆ ವರ್ಷ ರೊವೀನಾ ಬೆಳಗ್ಗೆ ಅಡುಗೆಮನೆ, ಮಧ್ಯಾಹ್ನ ಕಾಲೇಜು ಎಂದು ದಿನಕ್ಕೆ ಎಪ್ಪತ್ತಾರು ಮೈಲಿ ಓಡಾಡಿದಳು. ಗಂಡ ಬಿಟ್ಟು ಹೋಗಿ ಬಹಳ ವರ್ಷವಾಗಿತ್ತು, ಮಗಳು ಮದುವೆಯಾಗಿ ದೂರದಲ್ಲಿದ್ದಳು. ಮನೆಯಲ್ಲಿ ತಡೆಯುವವರೂ ಇರಲಿಲ್ಲ, ಒಂದು ತಟ್ಟೆ ಅನ್ನ ಬಡಿಸುವವರೂ ಇರಲಿಲ್ಲ. ತಲೆಬುರುಡೆಯ ಮೂಳೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟುಗಳಿಗೆ ಅಂಟಿಸಿದಳು. ಆಲೂಗಡ್ಡೆ ಸುಲಿಯುತ್ತ ನಾನು ಕೇಳಬೇಕು, ಅವಳು ಹೇಳಬೇಕು. ಉಪ್ಪಿನ ಕಪಾಟು ಕೆಳದವಡೆ, ಸಕ್ಕರೆಯದು ಮೇಲ್ದವಡೆ. ಅವಳ ದೆಸೆಯಿಂದ ಇವತ್ತಿಗೂ ನನಗೆ ಮುಖದ ಹದಿನಾಲ್ಕು ಮೂಳೆಯ ಹೆಸರೂ ಬಾಯಿಪಾಠ.

ರಸಾಯನಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಫೇಲಾದಳು. ಮರುದಿನ ಹಿಟ್ಟನ್ನು ಬಡಿದ ಬಡಿತಕ್ಕೆ ಮೇಜು ನಡುಗಿತು. ಆದರೆ ಅಳಲಿಲ್ಲ. ಮಧ್ಯಾಹ್ನ ಮೇಷ್ಟರ ಕೋಣೆಗೆ ಹೋಗಿ, "ಮೊದಲ್ನೇ ಪುಟದಿಂದ ಹೇಳಿ ಸರ್, ನಂಗೆ ನಾಚಿಕೆ ಇಲ್ಲ," ಎಂದಳಂತೆ. ವಾರಕ್ಕೆ ಮೂರು ದಿನ ಹಾಗೆ ಹೋಗಿ ಕೂತಳು. ಕಡೆಗೆ ಬಿ ಗ್ರೇಡು ಬಂತು.

ಅರ್ಜಿ ಹಾಕಿದಳು. ಏಪ್ರಿಲಿನಲ್ಲಿ ಕಾಗದ ಬಂತು. ಆಯ್ಕೆಯಾಗಿರಲಿಲ್ಲ, ಹದಿನೇಳನೆಯ ಹೆಸರು ಅವಳದು.

ಕಾಗದವನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ರೊವೀನಾ ಇನ್ನೂರು ಮಕ್ಕಳಿಗೆ ಊಟ ಬಡಿಸಿದಳು. ಪಾತ್ರೆ ತೊಳೆಯುವಾಗ ನಾನೇ ಬಾಯಿಬಿಟ್ಟೆ. "ಒಂದು ವರ್ಷ ಸುಧಾರಿಸ್ಕೋ ಮಾರಾಯ್ತಿ. ಮುಂದಿನ ಸಲ ನೋಡೋಣ."

"ಸುಧಾರಿಸ್ಕೊಂಡ್ರೆ ದಾರ ಕಡಿದ್ಹೋಗತ್ತೆ ಗ್ಲೆಂಡಾ. ಒಂದು ಅವಧಿ ಬಿಟ್ರೂ ವಿದ್ಯಾರ್ಥಿವೇತನ ಹೋಯ್ತು. ಮುಂದಿನ ವರ್ಷ ಜಾಗ ಸಿಕ್ಕಿದ್ರೂ ನಾನು ಯಾವುದ್ರಲ್ಲಿ ಕಟ್ಲಿ?"

"ಬೇಕಾದ ಪಾಠ ಎಲ್ಲಾ ಮುಗ್ಸಿದ್ದೀಯಲ್ಲ? ಇನ್ನೇನು ಓದ್ತೀಯಾ?"

"ಏನಿದ್ರೆ ಅದು."

ಆ ಬೇಸಿಗೆ ಅವಳು ಮಿಸ್ ಕಟ್‌ಶಾಳ ಮೇಜಿನ ಮುಂದೆ ಕೂತು, ಆರು ಕ್ರೆಡಿಟ್ ತುಂಬಿಸಲು ಉಳಿದಿದ್ದ ಪಾಠಗಳ ಪಟ್ಟಿ ನೋಡಿದಳು. ಅವಳ ಸಮಯಕ್ಕೆ ಹೊಂದುವುದು ಎರಡೇ ಇದ್ದವು. ಒಂದು ಪೋಷಣೆಯ ಪಾಠ. ಇನ್ನೊಂದು ಸಭೆಯಲ್ಲಿ ಮಾತಾಡುವ ಪಾಠ. ಎರಡನೆಯದರ ಹೆಸರು ಓದುತ್ತಲೇ ಅವಳ ಕೈ ತಾನಾಗಿ ಬಾಯಿಗೆ ಹೋಯಿತಂತೆ. ಆದರೂ ಎರಡಕ್ಕೂ ಗುರುತು ಹಾಕಿಬಂದಳು.

ಆ ಪಾಠ ಹೇಳುತ್ತಿದ್ದವನು ಲೋವೆಲ್ ಎಂಬ ಮೂವತ್ತರ ಹುಡುಗ. ಎಲ್ಲರನ್ನೂ ಮರ್ಯಾದೆಯಿಂದ ಕರೆಯುತ್ತಿದ್ದ, ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಮೊದಲ ದಿನವೇ ಹೇಳಿದ, "ಮಿಸ್ ರೊವೀನಾ, ಕೈ ಕೆಳಗೆ. ಎರಡೂ ಕೈ ಮೇಜಿನ ಮೇಲೆ." ಅವಳಿಂದ ಆಗಲಿಲ್ಲ. ಎರಡನೆಯ ಭಾಷಣದಲ್ಲೂ ಆಗಲಿಲ್ಲ. ಮಾತು ಬೆರಳ ಸಂದಿಯಿಂದ ಗುಸುಗುಸು ಬರುತ್ತಿತ್ತು, ಹಿಂದಿನ ಬೆಂಚಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಕೊನೆಯ ಭಾಷಣಕ್ಕೆ ಮನೆಯವರನ್ನು, ಸ್ನೇಹಿತರನ್ನು ಕರೆದುಕೊಂಡು ಬರಬಹುದಿತ್ತು. ನನ್ನನ್ನು ಕರೆದಳು. ಹೋಗಿ ಹಿಂದೆ ಕೂತೆ.

ರೊವೀನಾ ಎದ್ದು ಮುಂದೆ ಹೋದಳು. ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪು. ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದಳು.

"ನನಗೆ ಇಪ್ಪತ್ತಮೂರು ವರ್ಷ. ಸಾಲಲ್ಲಿ ನನ್ನ ನಂಬರು ಇನ್ನೂರ ಹದಿನಾರು," ಎಂದು ಶುರು ಮಾಡಿದಳು. ಜಾತ್ರೆ ಮೈದಾನ ಹೇಳಿದಳು, ದನದ ಕೊಟ್ಟಿಗೆ ಹೇಳಿದಳು. ಹನ್ನೊಂದು ಹಲ್ಲು ತಟ್ಟೆಗೆ ಬಿದ್ದ ಸದ್ದು ಹೇಳಿದಳು. ಅಣ್ಣ ತನ್ನ ಲಾರಿಯಲ್ಲಿ ಮನೆಗೆ ಕರೆತರುವಾಗ ಎರಡು ಸಲ ರಸ್ತೆಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆಯಿಟ್ಟು ಅತ್ತದ್ದು ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ. ನಡುವೆ ಹಲ್ಲುಸೆಟ್ಟು ಜಾರಿ ಟಕ್ ಎಂದಿತು. ಅವಳು ನಿಲ್ಲಿಸಿ, ನಾಲಿಗೆಯಿಂದ ಅದನ್ನು ಸರಿ ಕೂರಿಸಿಕೊಂಡು, "ಈ ಸದ್ದು ಕೇಳಿದ್ರಲ್ಲ, ಇದಕ್ಕೇ ನಾನು ಇಷ್ಟು ವರ್ಷ ಕೈ ಅಡ್ಡ ಹಿಡಿದಿದ್ದು," ಎಂದಳು. ಮುಂದೆ ಮಕ್ಕಳ ಮಾತಿಗೆ ಬಂದಳು. ಮುಸಿಮುಸಿ ನಗುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಲೋವೆಲ್ ಪೆನ್ನು ಕೆಳಗಿಟ್ಟು ಕೇಳುತ್ತಿದ್ದ.

ವಾಪಸ್ಸು ಬರುವಾಗ ಗಾಡಿ ಓಡಿಸುತ್ತಲೇ, "ಹೆಂಗಿತ್ತೇ?" ಎಂದಳು. ನಾನು, "ಪಾದ್ರಿಗಿಂತ ಚೆನ್ನಾಗಿ ಮಾತಾಡ್ದೆ. ಅವರಿಗಿಂತ ಬೇಗ ಮುಗಿಸ್ದೆ," ಎಂದೆ. ಜೋರಾಗಿ ನಕ್ಕಳು. ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು.

ಮುಂದಿನ ಅವಧಿಗೂ ಸಿಕ್ಕಿದ ಎರಡು ಪಾಠ ಹಿಡಿದು ದಾರ ಕಡಿಯದಂತೆ ನೋಡಿಕೊಂಡಳು. ಎರಡನೆಯ ಸಲದ ಅರ್ಜಿಯಲ್ಲಿ ಅವಳ ಹೆಸರು ಒಂಬತ್ತನೆಯದು.

ಎರಡು ವರ್ಷದ ಕೋರ್ಸು ಪೂರ್ಣ ದಿನದ್ದಾದ್ದರಿಂದ ಅಡುಗೆಮನೆಯ ಕೆಲಸ ಬಿಡಬೇಕಾಯಿತು. ಶನಿವಾರ, ಭಾನುವಾರ ವೃದ್ಧಾಶ್ರಮದಲ್ಲಿ ಅಡುಗೆ ಮಾಡಿ ಹೊಟ್ಟೆ ಹೊರೆದಳು. ನನ್ನ ತೋಟದ ಹುರುಳಿಕಾಯಿ, ಟೊಮೆಟೊ ಅವಳ ಬಾಗಿಲಿಗೆ ಹೋಗುತ್ತಿದ್ದವು. ಹೋಬರ್ಟ್ ಒಂದು ದಿನ ಹೇಳದೆ ಕೇಳದೆ ಒಂದು ಲಾರಿ ಸೌದೆ ಸುರಿದು ಹೋದ. "ನನ್ನ ಅರ್ಧ ಚಳೀಲಿ ಸತ್ರೆ ನಷ್ಟ ನಂಗೇ," ಎಂದನಂತೆ.

ಕೈಕೆಲಸ ಕಲಿಸುವ ಕಾಲೇಜು ಕ್ಲಿನಿಕ್ಕಿನ ಮೇಡಂ ಮಿಸೆಸ್ ಓಲ್ಡಮ್ ಬಹಳ ಬಿಗಿ. ಹಲ್ಲಿಗೆ ಕಟ್ಟಿದ ಕಿಟ್ಟದ ಒಂದು ಚೂರು ಉಳಿದರೂ ಕನ್ನಡಿ ಹಿಡಿದು ತೋರಿಸಿ, "ಮತ್ತೆ ಮಾಡಿ" ಎನ್ನುವವಳು. ತರಗತಿಯಲ್ಲಿ ಉಳಿದ ಹದಿಮೂರು ಜನರೂ ಇಪ್ಪತ್ತರ ಆಚೀಚೆಯ ಹುಡುಗಿಯರು. ಅವರ ಕಣ್ಣು ಚುರುಕು, ಬೆರಳು ಚುರುಕು. ರೊವೀನಾಳ ಬೆರಳಿಗೆ ವರ್ಷಗಟ್ಟಲೆ ದೊಡ್ಡ ಸೌಟು ಹಿಡಿದ ಅಭ್ಯಾಸ. ಕಿಟ್ಟ ಕೆರೆಯುವ ಸಣ್ಣ ಕೊಕ್ಕೆಯಂಥ ಸಲಾಕೆಯನ್ನು ಅದುಮಿ ಹಿಡಿಯುತ್ತಿದ್ದಳು. "ಮಿಸ್ ಟಿಪ್ಟನ್, ಪೆನ್ನು ಹಿಡಿದ ಹಾಗೆ ಹಿಡೀರಿ, ಸಲಿಕೆ ಅಲ್ಲ ಅದು," ಎಂದು ಮೇಡಂ ದಿನವೂ ಹೇಳುತ್ತಿದ್ದಳು. ರೊವೀನಾ ನನ್ನ ಮನೆಯ ಹಳೆಯ ಮೊಟ್ಟೆ ಟ್ರೇ ಒಯ್ದು, ಮೊಟ್ಟೆಯ ಮೇಲೆ ಉಗುರುಬಣ್ಣ ಹಚ್ಚಿ, ಚಿಪ್ಪು ಒಡೆಯದೆ ಬಣ್ಣ ಕೆರೆದು ತೆಗೆಯುವುದನ್ನು ಅಭ್ಯಾಸ ಮಾಡಿದಳು. ಎಷ್ಟು ಮೊಟ್ಟೆ ಒಡೆದವೋ. ಆ ಚಳಿಗಾಲ ನಾವಿಬ್ಬರೂ ಮೊಟ್ಟೆ ತಿಂದು ತಿಂದು ಸಾಕಾದೆವು.

ಕೊನೆಯದಾಗಿ ಲೈಸೆನ್ಸಿನ ಪರೀಕ್ಷೆ. ಅದಕ್ಕೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ರೋಗಿಯನ್ನು ಮಾತ್ರ ವಿದ್ಯಾರ್ಥಿಯೇ ಕರೆತರಬೇಕು. ಅಂತಿಂಥ ರೋಗಿ ಆಗದು. ಹಲ್ಲಿನ ಬುಡದಲ್ಲಿ ಗಟ್ಟಿ ಕಿಟ್ಟ ಕಟ್ಟಿರಬೇಕು, ಮುಂಚೆಯೇ ಎಕ್ಸ್-ರೇ ತೆಗೆಸಿರಬೇಕು. ರೊವೀನಾ ಮರದ ಕಾರ್ಖಾನೆಯ ಒಬ್ಬನನ್ನು ಒಪ್ಪಿಸಿದ್ದಳು. ಹೆಚ್ಚಿಗೆ ಇರಲಿ ಎಂದು ಹೋಬರ್ಟನ ಬಾಯಿಯ ಎಕ್ಸ್-ರೇಯನ್ನೂ ತೆಗೆಸಿಟ್ಟಿದ್ದಳು. ಒಣಸೇಬಿನ ಪದರ ಕೇಕು ಮಾಡಿಕೊಡುತ್ತೇನೆಂದು ಆಸೆ ತೋರಿಸಿ ಅಷ್ಟು ಮಾಡಿಸಿದ್ದು. ಎಂಟು ಪದರದ ಕೇಕು ಪೂರಾ ತಿಂದು ಹೋಬರ್ಟ್ ಹೇಳಿದ್ದ, "ಫೋಟೋ ಹೊಡೆಸ್ಕೊಂಡಿದ್ದಾಯ್ತು. ಇನ್ನು ಆ ಕೊಕ್ಕೆ ಹಾಕೋ ಮಾತೆತ್ತಿದ್ರೆ ನಾನು ನಿನ್ನ ಅಣ್ಣನೇ ಅಲ್ಲ." ಅವನು ಒಂಬತ್ತು ವರ್ಷದವನಿದ್ದಾಗ ಅಪ್ಪ ಅವನ ದವಡೆ ಹಲ್ಲನ್ನು ಬೇಲಿ ತಂತಿ ಕತ್ತರಿಸುವ ಇಕ್ಕಳದಲ್ಲಿ ಕಿತ್ತಿದ್ದ. ಅಲ್ಲಿಂದ ಯಾರನ್ನೂ ಬಾಯಿಯ ಹತ್ತಿರ ಬಿಟ್ಟಿರಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಆರೂವರೆಗೆ ಅವಳಿಗೆ ಫೋನು ಬಂತು. ಕಾರ್ಖಾನೆಯವನಿಗೆ ಪಾಳಿ ಬದಲಾಗಿತ್ತು, ಬರಲಾರೆ ಎಂದ. ರೊವೀನಾ ನಡೆದೇ ನನ್ನ ಮನೆಗೆ ಬಂದಳು. ಅವಳ ಗಾಡಿಯ ಬ್ರೇಕು ಸರಿಯಿಲ್ಲದ್ದರಿಂದ ಅಂದು ನಾನು ಕರೆದೊಯ್ಯುವುದೆಂದು ಮೊದಲೇ ಆಗಿತ್ತು. ಗಾಡಿ ಹತ್ತಿದವಳೇ, "ಹೋಬರ್ಟ್ ದಿಮ್ಮಿ ಏರಿಸೋ ಜಾಗಕ್ಕೆ ನಡಿ," ಎಂದಳು.

ಅವನು ಲಾರಿಗೆ ಸರಪಳಿ ಬಿಗಿಯುತ್ತಿದ್ದ. ತಂಗಿ ಬಿಳಿ ಕೋಟಿನಲ್ಲಿ ಕೆಸರು ತುಳಿದು ಬರುವುದನ್ನು ಕಂಡು ಅವನಿಗೆ ವಿಷಯ ತಿಳಿದುಹೋಯಿತು.

"ಇಲ್ಲ," ಎಂದ, ಅವಳು ಬಾಯಿ ತೆರೆಯುವ ಮುಂಚೆಯೇ.

"ಎಂಟೂಮುಕ್ಕಾಲಿಗೆ ಪರೀಕ್ಷೆ."

"ಬೇರೆ ಯಾರನ್ನಾದ್ರೂ ಹಿಡಿ."

"ಬೇರೆ ಯಾರ ಎಕ್ಸ್-ರೇನೂ ಇಲ್ಲ."

"ರೊವೀನಾ, ನಂಗೆ ಭಯ ಆಗತ್ತೆ ಕಣೆ." ಆರಡಿ ಮೂರಂಗುಲದ ಆಳು ಅದನ್ನು ಎಲ್ಲ ಕೂಲಿಯವರ ಮುಂದೆ ಹೇಳಿದ. ಯಾರೂ ನಗಲಿಲ್ಲ.

ರೊವೀನಾ ಅವನ ಕೈಯಿಂದ ಸರಪಳಿ ತೆಗೆದು ಕೆಳಗಿಟ್ಟಳು. "ಗೊತ್ತು. ನಾಲ್ಕು ವರ್ಷದ ಮೇಲಾಯ್ತು, ಒಂದು ಅವಧೀನೂ ಬಿಡದೆ ಹಿಡ್ಕೊಂಡು ಬಂದಿದ್ದೀನಿ ಹೋಬರ್ಟ್. ಇವತ್ತು ಬಿಡಲ್ಲ. ಭಯ ಪಟ್ಕೊಂಡೇ ಬಾ. ನಿಲ್ಸು ಅಂದ ತಕ್ಷಣ ನಿಲ್ಲಿಸ್ತೀನಿ. ಪರೀಕ್ಷೆ ಹೋದ್ರೂ ನಿಲ್ಲಿಸ್ತೀನಿ. ನಿನ್ನಾಣೆ."

ಅವನು ಬಾಯಲ್ಲಿದ್ದ ಹೊಗೆಸೊಪ್ಪು ಉಗುಳಿ, ಗಾಡಿಯ ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತ.

ಕ್ಲಿನಿಕ್ಕಿನಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ರೋಗಿಯ ರಕ್ತದೊತ್ತಡ ಮಿತಿ ಮೀರಿದ್ದರೆ ಮುಟ್ಟುವಂತಿಲ್ಲ. ಹೋಬರ್ಟನ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಮಿತಿಗಿಂತ ಬಹಳ ಮೇಲಿತ್ತು. ಪರೀಕ್ಷಕ ತಲೆಯಾಡಿಸಿ, "ಇಪ್ಪತ್ತು ನಿಮಿಷ. ಆಮೇಲೆ ಇನ್ನೊಂದೇ ಸಲ ನೋಡ್ತೀವಿ. ಇಳೀದಿದ್ರೆ ಎಬ್ಬಿಸ್ಬೇಕಾಗತ್ತೆ," ಎಂದ. ನಾನು ಕಾಯುವ ಕೋಣೆಯ ಗಾಜಿನಿಂದ ನೋಡುತ್ತಿದ್ದೆ. ಅಕ್ಕಪಕ್ಕದ ಹುಡುಗಿಯರು ಆಗಲೇ ಕೆಲಸ ಶುರುಮಾಡಿದ್ದರು. ರೊವೀನಾ ಸಲಾಕೆಗಳ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಸ್ಟೂಲು ಎಳೆದುಕೊಂಡು ಅಣ್ಣನ ಪಕ್ಕ ಕೂತಳು. ಬೇಟೆನಾಯಿಯ ವಿಷಯ ತೆಗೆದಳಂತೆ. ಅವನ ಹೆಣ್ಣುನಾಯಿ ಮೂರು ವಾರದ ಹಿಂದೆ ಏಳು ಮರಿ ಹಾಕಿತ್ತು. ಯಾವ ಮರಿಯ ಕಿವಿ ಹೇಗಿದೆ, ಯಾವುದು ಮೊದಲು ಕಣ್ಣು ಬಿಟ್ಟಿತು, ಯಾವುದನ್ನು ಯಾರಿಗೆ ಕೊಡುವುದು ಎಂದು ಒಂದೊಂದಾಗಿ ಕೇಳಿದಳು. ಐದನೆಯ ಮರಿಗೆ ಬರುವ ಹೊತ್ತಿಗೆ ಹೋಬರ್ಟನ ಮುಷ್ಟಿ ಸಡಿಲಾದದ್ದು ನನಗೆ ಕಂಡಿತು. ಎರಡನೆಯ ಸಲ ಪಟ್ಟಿ ಕಟ್ಟಿದರು. ಮಿತಿಯ ಕೆಳಗೆ, ಕೂದಲೆಳೆಯಷ್ಟೇ ಕೆಳಗೆ.

ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಅವಳು ಕೆಲಸ ಶುರುಮಾಡಿದಳು. ಉಳಿದವರಿಗಿಂತ ಇಪ್ಪತ್ತು ನಿಮಿಷ ಹಿಂದೆ. ನಲವತ್ತು ವರ್ಷದ ಹೊಗೆಸೊಪ್ಪು, ಅದರ ಮೇಲೆ ಕಲ್ಲಾದ ಕಿಟ್ಟ. ಒಂದು ಸಲ ಹೋಬರ್ಟ್ ಕೈಯೆತ್ತಿದ. ಅವಳು ತಕ್ಷಣ ಸಲಾಕೆ ಹೊರತೆಗೆದು, ಎರಡೂ ಕೈ ಅವನಿಗೆ ಕಾಣುವಂತೆ ಮೇಲೆ ಹಿಡಿದಳು. ಗಡಿಯಾರ ಓಡುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಬಾಯಿ ತೆರೆದ. ಕೊನೆಯ ಗಂಟೆ ಬಾರಿಸಲು ಇನ್ನು ಮೂರು ನಿಮಿಷವಿದೆ ಎನ್ನುವಾಗ ಅವಳು ತಲೆಯೆತ್ತಿದಳು. ಬೆವರಿಗೆ ಬಿಳಿ ಕೋಟು ಬೆನ್ನಿಗಂಟಿತ್ತು.

ಪರೀಕ್ಷಕರು ಮೂವರು ಒಬ್ಬರಾದ ಮೇಲೊಬ್ಬರು ಬಂದು, ಹೆಸರು ಕೇಳದೆ, ಹೋಬರ್ಟನ ಬಾಯಿ ಪರೀಕ್ಷಿಸಿ ಹೋದರು. ಅವನು ಎದ್ದು ಕಾಯುವ ಕೋಣೆಗೆ ಬಂದು, ಗಾಜಿನಲ್ಲಿ ತನ್ನ ಹಲ್ಲು ತಾನೇ ನೋಡಿಕೊಂಡು, ನಾಲಿಗೆಯನ್ನು ಆ ತುದಿಯಿಂದ ಈ ತುದಿಗೆ ಎಳೆದ.

"ಗ್ಲೆಂಡಾ, ಇವು ನನ್ನವೇನಾ?" ಎಂದ.

ಫಲಿತಾಂಶ ಬರಲು ಎರಡು ವಾರವಾಯಿತು. ಪಾಸು. ಅದನ್ನು ಹೇಳಲು ಅವಳು ಮೊದಲು ಓಡಿದ್ದು ಮಿಸ್ ಕಟ್‌ಶಾಳ ಮೇಜಿಗೆ. ಆಕೆ ಎದ್ದು ನಿಂತು ಕೈ ಕುಲುಕಿ, "ನಿಮ್ಮ ಫೈಲು ಮುಚ್ಚೋಕೆ ಬಹಳ ಖುಷಿ ಮಿಸ್ ಟಿಪ್ಟನ್. ಈ ಸಲ ಐವತ್ತೆರಡರ ಒಬ್ಬ ಬಸ್ ಡ್ರೈವರ್ ಬಂದಿದ್ದಾರೆ, ನಿಮ್ಮ ಕಥೆ ಹೇಳ್ಲಾ?" ಎಂದು ಕೇಳಿದಳಂತೆ. "ರಸಾಯನಶಾಸ್ತ್ರದ ಮೊದಲ್ನೇ ಪರೀಕ್ಷೆಯಿಂದ್ಲೇ ಹೇಳಿ," ಎಂದು ಬಂದಳು ಇವಳು. ಹೋಬರ್ಟನ ಎರಡು ಹಲ್ಲು ಕೀಳಲೇಬೇಕಾಯಿತು, ಉಳಿದವು ಉಳಿದವು. ಈಗ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಲು ಹೋಗುತ್ತಾನೆ, ಗೊಣಗಿಕೊಂಡೇ.

ನಗರದ ಒಬ್ಬ ದೊಡ್ಡ ದಂತವೈದ್ಯರ ಕಡೆಯಿಂದ ಅವಳಿಗೆ ಒಳ್ಳೆಯ ಕೆಲಸಕ್ಕೆ ಕರೆ ಬಂದಿತ್ತು. ಹೋಗಲಿಲ್ಲ. ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆ ಶಾಲೆಗಳಿಗೆ ಕಳಿಸುವ ಗಾಡಿಯಲ್ಲಿ ಸೇರಿದಳು. ವರ್ಷಕ್ಕೊಮ್ಮೆ ಬರುತ್ತಿದ್ದುದನ್ನು ಜಗಳ ಮಾಡಿ ವರ್ಷಕ್ಕೆ ಮೂರು ಸಲ ಮಾಡಿಸಿದಳು.

ಕಳೆದ ಫೆಬ್ರವರಿಯಲ್ಲಿ ಗಾಡಿಯ ಎಂಜಿನ್ ಕೆಟ್ಟು ನಿಂತಿತು. ದುರಸ್ತಿಗೆ ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಎಲ್ಲ ಶಾಲೆಗಳ ಸರದಿಯನ್ನೂ ಮುಂದಕ್ಕೆ ಹಾಕಿದ್ದೇವೆಂದು ಕಚೇರಿಯಿಂದ ಪತ್ರ ಬಂತು. ನಮ್ಮ ಹೆಡ್‌ಮಾಸ್ಟರು ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದಾಗಲೇ ರೊವೀನಾ ಫೋನು ಮಾಡಿದಳು.

"ಸರ್, ನಿಮ್ಮ ಲೈಬ್ರರೀಲಿ ನಲ್ಲಿ ಇದ್ಯಾ?"

"ಪಕ್ಕದ ಕೋಣೇಲಿದೆ. ಯಾಕಮ್ಮ?"

"ಗಾಡಿ ಕೆಟ್ಟಿದೆ, ನಾನು ಚೆನ್ನಾಗೇ ಇದ್ದೀನಿ. ಮಡಚೋ ಕುರ್ಚಿ, ದೀಪ, ಸಾಮಾನೆಲ್ಲಾ ಹೊರಗೆ ತಗೊಂಡಿದ್ದೀನಿ. ನಮ್ಮ ಇಲಾಖೆ ಮೇಡಂ ಸಹಿ ಹಾಕಿದ್ದಾರೆ. ನಾಳೆ ಬೆಳಗ್ಗೆ ಎರಡು ಮೇಜು ಖಾಲಿ ಮಾಡ್ಸಿ ಸಾಕು."

ಮರುದಿನ ಹೋಬರ್ಟನ ಲಾರಿಯಲ್ಲಿ ಅವಳ ಸಾಮಾನು ಬಂದಿಳಿಯಿತು. ಮೂರು ದಿನ ನಮ್ಮ ಲೈಬ್ರರಿಯ ಕಿಟಕಿ ಪಕ್ಕದಲ್ಲಿ, ಭೂಪಟದ ಕೆಳಗೆ, ಅವಳು ಅರವತ್ತಮೂರು ಮಕ್ಕಳ ಬಾಯಿ ನೋಡಿದಳು. ಮಧ್ಯಾಹ್ನ ನಾನು ಊಟದ ತಟ್ಟೆ ಒಯ್ದರೆ, "ಅಲ್ಲೇ ಇಡು ಗ್ಲೆಂಡಾ, ಇದೊಂದು ದವಡೆ ಆಗ್ಲಿ," ಎಂದು ತಲೆಯೆತ್ತದೆ ಹೇಳುತ್ತಿದ್ದಳು. ನಾಲ್ಕನೆಯ ದಿನ ಮಡಚುವ ಕುರ್ಚಿಯನ್ನು ಮತ್ತೆ ಲಾರಿಗೆ ಏರಿಸಿ, ಕೊಳ್ಳದ ಮೇಲಿನ ಶಾಲೆಗೆ ಹೊರಟಳು. ಅಲ್ಲಿ ನಲ್ಲಿಯಿಲ್ಲ. ನನ್ನ ಅಡುಗೆಮನೆಯಿಂದ ನಾಲ್ಕು ದೊಡ್ಡ ಕ್ಯಾನು ನೀರು ತುಂಬಿಸಿಕೊಂಡು ಹೋದಳು.